ಕಂಡಕ್ಟರಕ್ಕನ ಹೊಸ ಗುಳಿಗಿ

ಬಸ್ಸಿನ್ಯಾಗ ನಿಂತು ಹೊಟ್ಟಿ ತುಂಬ್ಕೊಳ್ಳೋ ನಮ್ಮಂಥಾ ಮಂದಿ ನಗೋ ಪ್ರಸಂಗ ಹುಡುಕ್ಕೊಂಡು ಹೋಗೋ ಜರೂರತ್ತಿಲ್ಲ ನೋಡ್ರಿ, ಅವ ಕೈ ಮಾಡಿ ಗಾಡಿ ನಿಲ್ಸಿ ಹತ್ತತಾವ. ನಾ ಸಿಂಧನೂರಿನ ಕಂಡಕ್ಟರ್. ಬೆಳಿಗ್ಗೆ ಮಸ್ಕಿ ಮ್ಯಾಲಿಂದ ಲಿಂಗಸುಗೂರಿಗೆ ಹೋಗಿ ಬರೋದು, ಮಧ್ಯಾಹ್ನ ತುರ್ವಿಹಾಳ ಟ್ರಿಪ್ಪು. ಇಷ್ಟು ವರ್ಷ ಬ್ಯಾರೇವ್ರ ಪ್ರಸಂಗ ನೋಡಿ ನಕ್ಕೀನಿ. ಈ ಸಲ ನಂದ ಆತು.

೧. ಡಾಕ್ಟ್ರಮ್ಮ ಹೇಳಿದ್ದು

ಏನಾಗಿತ್ತಪಾ ಅಂದ್ರ, ಕೆಲವು ತಿಂಗಳಿಂದ ನನಗ ಏನೂ ಬ್ಯಾಡಾಗಿತ್ತು. ನಿದ್ದಿ ಇಲ್ಲ, ಉಂಡದ್ದು ರುಚಿ ಇಲ್ಲ. ಗಾಡಿ ಖಾಲಿ ಆದ್ರ ಹಿಂದಿನ ಸೀಟಿಗೆ ಕುಂತು ಸುಮ್ಮಸುಮ್ಮನ ಅಳೋದು. ಯಾಕ ಅಂತ ಕೇಳಿದ್ರ ಕಾರಣನೂ ಇಲ್ಲ. ಮಗಳು ಕಾಲೇಜಿಗೆ ಹೋಗ್ತಾಳ, ಗಂಡ ಒಳ್ಳೇವ, ಅತ್ತಿನೂ ಹೇಳಿಕೊಳ್ಳುವಷ್ಟು ಕೆಟ್ಟಾಕಿ ಅಲ್ಲ. ಒಂದಿನ "ನೌಕರಿ ಬಿಟ್ಟು ಮನ್ಯಾಗ ಬಿದ್ಕೋತೀನಿ" ಅಂದಾಗ ನಮ್ಮ ಮನಿಯವ್ರು ಖರೇನ ಹೆದರಿದ್ರು. ಲಿಂಗಸುಗೂರಿಗೆ ವಾರಕ್ಕೊಮ್ಮೆ ಬರೋ ಮನಸ್ಸಿನ ಡಾಕ್ಟ್ರಮ್ಮನ ಕಡೆ ಕರ್ಕೊಂಡು ಹೋದ್ರು.

ಡಾಕ್ಟ್ರಮ್ಮ ಎಲ್ಲಾ ಕೇಳಿ ಒಂದು ಗುಳಿಗಿ ಬರ್ಕೊಟ್ರು. "ಇದು ಹತ್ತಾಕ ಕೆಲವು ವಾರ ಬೇಕ್ರಿ. ಅಷ್ಟರಾಗ ಬಾಯಿ ಒಣಗಬಹುದು, ಹೊಟ್ಟಿ ತೊಳಸಬಹುದು, ಬೆವರು ಬರಬಹುದು, ಆಕಳಿಕಿ ಬರಬಹುದು..."

"ಡಾಕ್ಟ್ರೇ, ಮನಸ್ಸು ಚಲೋ ಆಗೋದು ಯಾವಾಗ ಬರತೈತ್ರಿ ಇದರಾಗ?" ಅಂದೆ.

"ಅದು ಎಲ್ಲಾರಿಗಿಂತ ಕಡೀಗೆ ಹತ್ತೋ ಪ್ಯಾಸೆಂಜರ್ ರೀ. ಅದು ಬರೋತನಕ ಗಾಡಿ ಬಿಡಬ್ಯಾಡ್ರಿ. ತ್ರಾಸ ಆದ್ರ ನನಗ ಫೋನ್ ಮಾಡ್ರಿ, ಕೇಳದ ಮಾತ್ರ ನಿಲ್ಲಿಸಬ್ಯಾಡ್ರಿ" ಅಂದ್ರು.

ಹೊರಗ ಬಂದು ಗಂಡಗ ಹೇಳಿದೆ, "ಬಸ್ಸಿನ ಮಂದಿಗೆ ಗೊತ್ತಾದ್ರ ಹುಚ್ಚಿ ಅಂತ ಹೆಸರಿಡ್ತಾರ, ಯಾರ ಮುಂದೂ ಆಡಬ್ಯಾಡ್ರಿ."

"ಅವ್ವ ಕೇಳಿದ್ರ?"

"ಶಕ್ತಿ ಗುಳಿಗಿ ಅನ್ರಿ."

ಅವ್ರು ಸ್ವಲ್ಪ ವಿಚಾರ ಮಾಡಿ, "ನಿನಗ ಇನ್ನೂ ಶಕ್ತಿ ಬಂದ್ರ ನನ್ನ ಗತಿ ಏನು ಅಂತ ಅವ್ವ ಅಳ್ತಾಳ" ಅಂದ್ರು.

೨. ಆಕಳಿಕಿ

ಎಂಥಾ ಆಕಳಿಕಿ ಅಂತೀರಿ! ನಿದ್ದಿ ಬಂದಿಲ್ಲ, ದಣಿದಿಲ್ಲ, ಬಾಯಿ ತನ್ನಷ್ಟಕ್ಕ ತಾನ ತೆರಕೊಳ್ಳೋದು. ಸಿಂಧನೂರು ಬಿಟ್ಟು ಗಾಡಿ ಸ್ವಲ್ಪ ಮುಂದ ಬಂದಿತ್ತು. "ಯಾರ್ರಿ ಟಿಕೆಟ್, ಟಿಕೆ..." ಅನ್ನೋದರಾಗ ಬಾಯಿ ಅಗಲ ಆತು. ಮುಂದಿನ ಸೀಟಿನ ಮಾಸ್ತರು ನನ್ನ ನೋಡಿ ಆಕಳಿಸಿದ್ರು. ಅವ್ರ ಬಾಜೂಕ ಕುಂತ ಅಜ್ಜಿ ಬಾಯಿ ಮುಂದ ಚಿಟಿಕಿ ಹೊಡ್ಕೊಂಡು "ಶಿವಶಿವಾ" ಅಂದ್ಲು. ಅಲ್ಲಿಂದ ಅದು ಸೀಟಿಂದ ಸೀಟಿಗೆ ಹಾರಿ ಕಡೀ ಸಾಲಿನ ತನಕ ಹೋತು, ಮತ್ತ ತಿರುಗಿ ಮುಂದ ಬಂತು. ಗಾಡಿ ತುಂಬ ಚಿಟಿಕಿ ಸಪ್ಪಳ.

ಮಸ್ಕಿ ಇನ್ನೂ ದೂರ ಇತ್ತು. ಡ್ರೈವರ್ ಒಂದು ಚಾದಂಗಡಿ ಮುಂದ ಗಾಡಿ ಬದಿಗೆ ಹಚ್ಚಿ ನಿಲ್ಲಿಸಿದ. ನನಗಿಂತ ಸಣ್ಣಾವ, ನನ್ನ ಅಕ್ಕಾರ ಅಂತಾನ.

"ಅಕ್ಕಾರ, ಕೈ ಮುಗಿತೀನ್ರಿ. ಕನ್ನಡ್ಯಾಗ ಪ್ಯಾಸೆಂಜರ್ ಕಾಣವಲ್ರು, ನಿಮ್ಮ ಬಾಯಿ ಒಂದ ಕಾಣತೈತಿ. ಅದನ್ನ ನೋಡಿ ನೋಡಿ ನನಗೂ ಬರಾಕತ್ತಾವ. ಆಕಳಿಸೋದಿದ್ರ ಹಿಂದಿನ ಬಾಗಿಲಿಗೆ ಹೋಗಿ ಆಕಳಿಸ್ರಿ."

"ಆತಪಾ, ಮೊದಲು ಚಾ ಕುಡಿ" ಅಂದೆ. ನಾವಿಬ್ರೂ ಇಳದ್ವಿ. ನಮ್ಮ ಹಿಂದ ಮಾಸ್ತರು, ಅಜ್ಜಿ, ಇಡೀ ಗಾಡಿ ಇಳೀತು. ಚಾದಂಗಡಿಯಾವ ಕೆಟಲಿ ತೊಳದು ಬೋರಲು ಹಾಕಿ, "ಅಕ್ಕಾರ, ನಾಳಿಗೂ ಇಲ್ಲೇ ಬಂದು ಆಕಳಿಸ್ರಿ" ಅಂದ.

೩. ದಿಷ್ಟಿ

ಮನ್ಯಾಗ ನಮ್ಮತ್ತಿ ಇದನ್ನ ಬ್ಯಾರೇನ ತಿಳಕೊಂಡ್ಲು. "ದಿನಾ ಅಷ್ಟು ಮಂದಿ ಕಣ್ಣು ಬೀಳತೈತಿ, ದಿಷ್ಟಿ ಆಗದ ಏನಾಗತೈತಿ?" ಅಂದು, ಉಪ್ಪು ಒಣಮೆಣಸಿನಕಾಯಿ ಮುಷ್ಟ್ಯಾಗ ಹಿಡ್ಕೊಂಡು ನನ್ನ ಬಾಗಿಲ ಮುಂದ ಕುಂದ್ರಿಸಿದ್ಲು.

ನಮ್ಮ ಕಡೆ ದಿಷ್ಟಿ ತಗಿಯೋರಿಗೆ ಎಷ್ಟು ಆಕಳಿಕಿ ಬರತಾವೋ ಅಷ್ಟು ದೊಡ್ಡ ದಿಷ್ಟಿ ಅಂತ ನಂಬಿಕಿ. ನಾ ಆಕೀ ಮಾರಿ ಮುಂದ ಕುಂತು ಬಾಯಿ ತೆರದೆ. ಆಕಿಗೂ ಬಂತು. "ನೋಡಲ್ಲಿ! ಕೈ ಎತ್ತೋದರಾಗ ಹೆಂಗ ಬಂತು!" ಅಂದ್ಲು. ಇಳಿಸಿದಂಗ ಇಳಿಸಿದಂಗ ಅತ್ತಿ ಸೊಸಿ ಇಬ್ರೂ ಜೋಡಿಲೆ ಆಕಳಿಸಾಕತ್ತಿದ್ವಿ. ಆಕೀ ಕಣ್ಣಾಗ ನೀರು ಬಂದ್ವು. "ಯವ್ವಾ, ಇದು ಸಾದಾ ದಿಷ್ಟಿ ಅಲ್ಲ, ನನ್ನ ಕೈಲೆ ಆಗಂಗಿಲ್ಲ" ಅಂತ, ಓಣ್ಯಾಗ ದಿಷ್ಟಿ ತಗಿಯೋದ್ರಾಗ ಹೆಸರಾದ ಮುದುಕಿನ್ನ ಕರ್ಕೊಂಡು ಬಂದ್ಲು.

ಆ ಮುದುಕಿ ಸೆರಗು ಸಿಗಿಸ್ಕೊಂಡು, "ಸರೀರಿ ಎಲ್ಲಾರೂ, ನಾ ಎಂಥೆಂಥಾವು ಇಳಿಸೀನಿ" ಅಂತ ಗತ್ತಿಲೆ ನಿಂತ್ಲು. ನನ್ನ ಒಂದ ಒಂದು ಆಕಳಿಕಿ ನೋಡಿದ್ಲು, ಅಷ್ಟ. ಮೆಣಸಿನಕಾಯಿ ಒಲಿಗೆ ಹಾಕೋ ಹೊತ್ತಿಗೆ ದವಡಿ ಹಿಡ್ಕೊಂಡು ನೆಲಕ್ಕ ಕುಂತಿದ್ಲು. ನನಗ ಒಳಗೊಳಗ ನಗು, ಆದ್ರ ನಕ್ರ ಅತ್ತಿ ಸಿಟ್ಟಾಗ್ತಾಳ. ನಗು ಬಂದು ಎಷ್ಟೋ ತಿಂಗಳಾಗಿತ್ತು, ಅದು ಆವಾಗ ನನ್ನ ಲಕ್ಷ್ಯಕ್ಕ ಬರಲಿಲ್ಲ.

ಸಂಜಿಕಿ ಕಸ ಚೆಲ್ಲಾಕ ಹೊರಗ ಬಂದು ನೋಡ್ತೀನಿ, ಆ ಮುದುಕಿ ತನ್ನ ಕಟ್ಟಿ ಮ್ಯಾಲ ಕುಂತು ಸೊಸಿ ಕೈಲೆ ತನಗ ದಿಷ್ಟಿ ತಗಸ್ಕೊಳ್ಳಾಕತ್ತಾಳ. ಸೊಸಿಗೂ ಆಕಳಿಕಿ ಶುರು ಆಗಿದ್ವು.

೪. ಬೆವರು

ಒಂದಿನ ನನ್ನ ಗುರುಗುಂಟಾ ಟ್ರಿಪ್ಪಿಗೆ ಹಾಕಿದ್ರು. ಹಣಿ ಮ್ಯಾಲಿನ ಬೆವರು ಟಿಕೆಟ್ ಮಷಿನ್ ಮ್ಯಾಲ ಬೀಳಾಕತ್ತಿತ್ತು, ಬೆರಳು ಸಣ್ಣಗ ನಡಗ್ತಿದ್ವು. ಬರೋಬ್ಬರಿ ಅದ ಹೊತ್ತಿಗೆ ಚೆಕಿಂಗ್ ಸಾಹೇಬ್ರು ಹತ್ತಿದ್ರು. ನನ್ನ ಮಾರಿ ನೋಡಿದ ಕೂಡ್ಲೇ ಅವ್ರ ಮಾರಿ ಅರಳಿತು. ಒಬ್ಬೊಬ್ರ ಟಿಕೆಟ್ ತಿರುವಿ ಮುರುವಿ ನೋಡಿದ್ರು, ಸೀಟಿನ ಬುಡಕ ಬಗ್ಗಿದ್ರು, ಯಾರದೋ ಕೋಳಿ ಬುಟ್ಟ್ಯಾಗೂ ಇಣುಕಿ ಕೋಳಿ ಕಡೆಯಿಂದ ಕುಕ್ಕಿಸ್ಕೊಂಡ್ರು. ಏನೂ ಸಿಗಲಿಲ್ಲ. ಇಳಿಯೋ ಹೊತ್ತಿಗೆ ಅವ್ರೂ ನನ್ನಷ್ಟ ಬೆವತಿದ್ರು.

"ಏನಮ್ಮಾ, ಕದ್ದು ಧೈರ್ಯಲೆ ನಿಂತ ಕಂಡಕ್ಟರ್ ಮಂದಿನ್ನ ಭಾಳ ನೋಡೀನಿ. ಏನೂ ಕದೀದ ಹಿಂಗ ನಡಗಾಕಿನ್ನ ಇವತ್ತ ನೋಡಿದ್ದು!" ಅಂದ್ರು.

೫. ಹುಣಸಿ ಚಿಗಳಿ

ಅವತ್ತ ನನಗ ಸಾಕಾಗಿ ಹೋತು. ಗುಳಿಗಿ ಬಿಟ್ರ ಹಿಂದಿನ ಸೀಟಿನ ಅಳು ನನಗ ಕಾದು ಕುಂತೈತಿ, ಹಿಡದ್ರ ಬಸ್ಸಿನ್ಯಾಗ ಮಾನ ಹೋಗತೈತಿ. ಡಾಕ್ಟ್ರಮ್ಮಗ ಫೋನ್ ಹಚ್ಚಿದೆ. "ಖಾಲಿ ಹೊಟ್ಟಿಲೆ ಬ್ಯಾಡ್ರಿ, ಊಟ ಆದ ಮ್ಯಾಲ ತಗೋರಿ. ಇನ್ನೊಂದಿಷ್ಟು ದಿನ ತಡ್ಕೋರಿ, ಕಮ್ಮಿ ಆಗತೈತಿ" ಅಂದ್ರು. ಹೂಂ ಅಂದೆ, ಆದ್ರ ಮನಸ್ಸು ಗಟ್ಟಿ ಇದ್ದಿಲ್ಲ.

ತುರ್ವಿಹಾಳ ಗಾಡಿಗೆ ಭತ್ತ ನಾಟಿ ಮಾಡೋ ಹೆಣ್ಮಕ್ಕಳ ದಂಡು ಹತ್ತತೈತಿ. ಅವ್ರಾಗ ಹಿರಿಯಾಕಿಗೆ ಎಲ್ಲಾರೂ ದೊಡ್ಡವ್ವ ಅಂತಾರ. ನನ್ನ ಬಾಯಿ ಒಣಗಿ ಊರಿನ ಹೆಸರು ಕೂಗಾಕೂ ಬರವಲ್ದು ಅಂತ ನೋಡಿ, ಆಕಿ ಸೆರಗಿನ ಗಂಟು ಬಿಚ್ಚಿ, ಹುಣಸಿಹಣ್ಣು ಬೆಲ್ಲ ಕುಟ್ಟಿ ಉಂಡಿ ಕಟ್ಟಿದ ಹುಣಸಿ ಚಿಗಳಿ ಕೊಟ್ಲು. ಬಾಯಾಗ ಇಟ್ಕೊಂಡ್ರ ಎಂಥಾ ಸುಖ ಅಂತೀರಿ! ಮರುದಿನ ನಾನ ಕೇಳಿ ಇಸ್ಕೊಂಡೆ. ಅದರ ಮರುದಿನ ಕಾಲುವಿ ಹತ್ರ ಹೊಟ್ಟಿ ತೊಳಸಿ, ಗಾಡಿ ನಿಲ್ಲಿಸಿ ಕೆಳಗಿಳಿದು ವಾಂತಿ ಮಾಡ್ಕೊಂಡೆ. ತಿರುಗಿ ಹತ್ತಿದ್ರ ಹೆಣ್ಮಕ್ಕಳೆಲ್ಲಾ ನನ್ನ ಹೊಟ್ಟಿ ಕಡೆ ನೋಡಾಕತ್ತಿದ್ರು. ದೊಡ್ಡವ್ವ ಎದ್ದು ಜಾಗ ಬಿಟ್ಟು, "ಕುಂದ್ರವಾ, ಇನ್ನ ನಿಂತ್ಕೋಬಾರದು" ಅಂದ್ಲು.

ನನಗ ತಿಳಿಯೋದ್ರಾಗ ಊರಿಗೆಲ್ಲಾ ತಿಳೀತು. ಡ್ರೈವರ್ ಹಂಪ್ ಬಂದ್ರ ಗಾಡಿನ ತೊಟ್ಟಿಲು ತೂಗಿದಂಗ ದಾಟಸಾಕತ್ತಿದ. ಬಸ್ ಸ್ಟ್ಯಾಂಡ್ ಮುಂದ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರೋ ನಮ್ಮ ಮನಿಯವ್ರು ಸಂಜಿಕಿ ಪೇಡೆ ಡಬ್ಬಿ ಹಿಡ್ಕೊಂಡು ಮನಿಗೆ ಬಂದ್ರು.

"ಇದೇನ್ರಿ?"

"ಡಿಪೋದವ್ರು ಬಂದು ಕೈ ಕುಲುಕಿ ಪೇಡೆ ಕೇಳಿದ್ರು, ಹಂಚಿದೆ. ಉಳಿದಿದ್ದು ತಂದೀನಿ."

"ಅಲ್ರೀ, ಈ ವಯಸ್ಸಿನ್ಯಾಗ, ಖರೇ ಏನು ಅಂತ ನನ್ನ ಕೇಳಬಾರದಾ?"

ಅವ್ರು ತಲಿ ಕೆರಕೊಂಡು ಅಂದ್ರು, "ನನಗರ ಏನು ಗೊತ್ತು? ಡಾಕ್ಟ್ರಮ್ಮ ಹೇಳಿದ್ರಾಗ ಇದೂ ಒಂದು ಇರಬೇಕು ಅಂದ್ಕೊಂಡೆ."

೬. ಬುತ್ತಿ

ಹಿಂಗ ಮತ್ತೊಂದಿಷ್ಟು ದಿನ ಹೋದ್ವು. ಹೊಟ್ಟಿ ತೊಳಸೋದು ಕಮ್ಮಿ ಆತು, ಆದ್ರ ಊರ ಬಾಯಿಗೆ ಕದ ಹಚ್ಚೋರು ಯಾರು? ಒಂದು ಮಧ್ಯಾಹ್ನ ದೊಡ್ಡವ್ವ ಎದ್ದು ನಿಂತು ಡ್ರೈವರಗ, "ತಮ್ಮಾ, ಆ ಬೇವಿನ ಗಿಡದ ಬುಡಕ ನಿಲ್ಸು" ಅಂದ್ಲು. ಗಾಡಿ ನಿಂತ ಕೂಡ್ಲೇ ಹೆಣ್ಮಕ್ಕಳೆಲ್ಲಾ ಗಂಟು ಬಿಚ್ಚಿದ್ರು. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ ಚಟ್ನಿ, ಕರ್ಚಿಕಾಯಿ, ಮೊಸರನ್ನ, ಮ್ಯಾಲ ಹಸಿರು ಬಳಿ. ಬಸರಿ ಹೆಣ್ಮಗಳಿಗೆ ಬಯಕಿ ಬುತ್ತಿ ಒಯ್ದು ಉಣಸೋದು ನಮ್ಮ ಕಡೆ ಪದ್ಧತಿ. ಇವ್ರು ಅದನ್ನ ಬಸ್ಸಿಗೇ ತಂದಿದ್ರು.

ಕೂಲಿ ಮಾಡೋ ಹೆಣ್ಮಕ್ಕಳು ನಸಿಕಿನ್ಯಾಗ ಎದ್ದು ನನಗಂತ ರೊಟ್ಟಿ ಬಡದು ತಂದಾರ, ಅದನ್ನ ಸುಳ್ಳು ಹೇಳಿ ಹೆಂಗ ಉಣ್ಲಿ? ಖರೇ ಹೇಳಿದ್ರ ಹುಚ್ಚಿ ಅಂತಾರ. ಸುಮ್ಮನಿದ್ರ ಮುಂದ ಸೀಮಂತದ ಕುಬಸ ಮಾಡ್ತಾರ, ಆಮ್ಯಾಲ ಕೂಸು ಎಲ್ಲಿಂದ ತರ್ಲಿ?

"ದೊಡ್ಡವ್ವಾ, ನಾ ಬಸರಿ ಅಲ್ಲ" ಅಂದೆ. "ನನ್ನ ಮನಸ್ಸಿಗೆ ಚಲೋ ಇದ್ದಿಲ್ಲ. ಸುಮ್ಮಸುಮ್ಮನ ಅಳು ಬರ್ತಿತ್ತು, ಏನೂ ಬ್ಯಾಡಾಗಿತ್ತು. ಅದಕ್ಕ ಗುಳಿಗಿ ತಗೊಳ್ಳಾಕತ್ತೀನಿ. ವಾಂತಿ, ಆಕಳಿಕಿ, ಎಲ್ಲಾ ಅದರದು. ಹುಚ್ಚಿ ಅನ್ನೋರಿದ್ರ ಈಗ ಅಂದುಬಿಡ್ರಿ, ನನಗ ಮುಂದಿನ ಟ್ರಿಪ್ ಐತಿ!"

ದೊಡ್ಡವ್ವ ಸೊಂಟದ ಮ್ಯಾಲ ಕೈ ಇಟ್ಕೊಂಡು ನನ್ನ ಮುಂದ ಬಂದ್ಲು.

"ಹುಚ್ಚಿ ಯಾಕ ಅಂತಾರ ಬೇ? ನನ್ನ ಮಗಳು ಹಡದ ಮ್ಯಾಲ ಕೂಸಿನ ಮಾರಿ ಸೈತ ನೋಡ್ತಿದ್ದಿಲ್ಲ. ದವಾಖಾನ್ಯಾಗ ಇಂಥವ ಗುಳಿಗಿ ಕೊಟ್ರು. ಈಗ ನೋಡು, ದಿನಾ ಎದ್ದು ನನ್ನ ಜೋಡಿ ಜಗಳಾಡ್ತಾಳ, ಅಷ್ಟು ಚಲೋ ಆಗ್ಯಾಳ! ನೀ ಗುಳಿಗಿ ಬಿಟ್ಟಿ ಅಂದ್ರ ನಾ ನಿನ್ನ ಗಾಡಿ ಹತ್ತಂಗಿಲ್ಲ ನೋಡು."

"ಮತ್ತ ಈ ಬುತ್ತಿ?"

"ತಂದ ಬುತ್ತಿ ತಿರುಗಿ ಒಯ್ಯಬಾರದು. ಉಣ್ಣು ಸುಮ್ಮನ."

ಒಂದು ತುತ್ತು ಬಾಯಾಗ ಇಟ್ಟೆ. ಎಣ್ಣಿಗಾಯಿ ಖಾರ ನಾಲಿಗಿಗೆ ಹತ್ತಿತು, ಬದನಿಕಾಯಿ ರುಚಿ ಹತ್ತಿತು, ಶೇಂಗಾದ್ದು ಬ್ಯಾರೆ ಹತ್ತಿತು. ಎಷ್ಟು ತಿಂಗಳ ಮ್ಯಾಲ! ನಾ ಗಳಗಳ ಅತ್ತೆ, ಅಳ್ಕೋತನ ನಕ್ಕೆ. ಗುಳಿಗಿ ಹತ್ತೈತಿ, ಇನ್ನ ಅದನ್ನ ಬಿಡೋ ಮಾತ ಇಲ್ಲ ಅಂತ ಅಲ್ಲೇ ಗಟ್ಟಿ ಮಾಡ್ಕೊಂಡೆ. ಆಮ್ಯಾಲ ಕೈ ನಿಲ್ಲಲಿಲ್ಲ ನೋಡ್ರಿ. ರೊಟ್ಟಿ ಹೋತು, ಹಿಂಡಿ ಹೋತು, ಮೊಸರನ್ನ ಹೋತು. ಡ್ರೈವರ್ ಒಂದು ಕರ್ಚಿಕಾಯಿಗೆ ಕೈ ಚಾಚಿ ಕುಂತಿದ್ದ, ಅವನ ಪಾಲಿಂದನೂ ನಾನ ತಿಂದೆ.

ದೊಡ್ಡವ್ವ ಖಾಲಿ ಅರಿವಿ ಝಾಡಿಸಿ, ನನ್ನ ಮ್ಯಾಲಿಂದ ಕೆಳತನಕ ನೋಡಿ ಅಂದ್ಲು:

"ನೀ ಗುಳಿಗಿರ ಅನ್ನು, ಮನಸ್ಸರ ಅನ್ನು ಯವ್ವಾ. ಈ ಪರಿ ಉಂಡಿ ಅಂದ್ರ ಒಂದಲ್ಲ, ಅವಳಿ ಅದಾವ!"