ಕೆಳಮನೆಯ ಅಜ್ಜನ ಚಕಮಕಿ ಬಂದೂಕು

ಎಲ್ಲರೂ ದೂರ ದೂರ ಇರಿ ಅಂತ ಹೇಳುತ್ತಿದ್ದ ಆ ಕೊರೊನಾ ಕಾಲದಲ್ಲೇ ನನಗೆ ಅಕ್ಕಪಕ್ಕದವರ ಪರಿಚಯ ಜಾಸ್ತಿಯಾದದ್ದು. ಏನೋ ಕೇಳಲು ಹೋಗುತ್ತೇನೆ, ಇನ್ನೇನೋ ಆಗುತ್ತದೆ. ಆದರೂ ಕೇಳುವ ಚಾಳಿ ಹೋಗಿಲ್ಲ.

ಯಾವ ಇಲಾಖೆ?

ನಾನು ಜಪಾನಿನ ಕಾವಾಸಾಕಿ ಊರಿನಲ್ಲಿ ಕಾರುಗಳ ಸ್ಪ್ರಿಂಗ್ ವಿನ್ಯಾಸ ಮಾಡುವವಳು. ಆಗ ಮನೆಯಿಂದಲೇ ಕೆಲಸ. ಒಂದು ದಿನ ಕಸ ಹಾಕಲು ಇಳಿದಾಗ, ಕೆಳಮನೆಯ ಅಜ್ಜ ಬಾಗಿಲು ತೆರೆದಿಟ್ಟುಕೊಂಡು ಆಳುದ್ದದ ಬಂದೂಕೊಂದನ್ನು ಒರೆಸುತ್ತಿದ್ದರು. ಲೇತ್ ಕೆಲಸ ಮಾಡಿ ನಿವೃತ್ತರಾದವರು, ಬಹಳ ಸಾಧು. ನನ್ನ ಕೈಯಿಂದ ಕಸದ ಚೀಲ ಬಿತ್ತು.

"ಹೆದರಬೇಡಿ, ಇದು ಅಮೆರಿಕದ್ದು. ಇನ್ನೂರು ವರ್ಷದ ಹಿಂದೆ ಮಾಡಿದ್ದು. ಯೊಕೊಹಾಮಾಕ್ಕೆ ಹಡಗಿನಲ್ಲಿ ಬಂತಂತೆ" ಅಂದರು. ಬಂದೂಕಿನ ಕುದುರೆ ಎಳೆದರೆ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ. ಒಳಗಿನ ಸ್ಪ್ರಿಂಗ್ ಬಿಚ್ಚಿ ತೋರಿಸಿದರು. ಬರೀ ಸುತ್ತಿಗೆ, ಅರದಿಂದ ಮಾಡಿದ್ದು. ನಾನು ಬೆರಗಾದೆ.

"ಇಂಥದ್ದಕ್ಕೆ ನಾವು ಹತ್ತು ಜನ ಆರು ತಿಂಗಳು ಕೂರುತ್ತೇವೆ. ಆ ಕಾಲದ ಕಮ್ಮಾರನೊಬ್ಬನೇ ಹೇಗೆ ಮಾಡಿದ?"

"ಆಗ ಮೀಟಿಂಗ್ ಇರಲಿಲ್ಲ" ಅಂದರು ಅಜ್ಜ.

"ಪೊಲೀಸರು ಕೇಳಲ್ವಾ?" ಅಂದೆ. ನೋಂದಣಿ ಪತ್ರ ತಂದು ತೋರಿಸಿದರು. ಹಳೆಯ ಬಂದೂಕು ಇಲ್ಲಿ ಕಲಾವಸ್ತುವಂತೆ; ಪತ್ರ ಕೊಡುವುದು ಶಿಕ್ಷಣ ಮಂಡಳಿ!

ಮನೆಗೆ ಬಂದು ಅತ್ತೆಗೆ ಹೇಳಿದೆ. ಮೂರು ತಿಂಗಳಿಗೆಂದು ಬಂದು, ವಿಮಾನ ನಿಂತು, ನಮ್ಮಲ್ಲೇ ಉಳಿದಿದ್ದರು. ಮೂವತ್ತು ವರ್ಷ ಊರಿನ ಶಾಲೆಯಲ್ಲಿ ಟೀಚರಾಗಿದ್ದವರು.

"ಶಿಕ್ಷಣ ಇಲಾಖೆಗೆ ಬಂದೂಕಾ?" ಅಂತ ನಿಟ್ಟುಸಿರು ಬಿಟ್ಟರು. "ನಮಗೆ ಬೆತ್ತಾನೂ ಕಿತ್ಕೊಂಡ್ರು ಕಣೇ."

ಮೊಳೆ ಕಷಾಯ

ಆ ಬಂದೂಕಿನ ಮರದ ಮೇಲೆ ಹುಲಿಯ ಮೈಯಂಥ ಪಟ್ಟೆಗಳು. ಅದು ಮೇಪಲ್ ಮರದ ಗುಣ. ವಿನಿಗರ್‌ನಲ್ಲಿ ಕಬ್ಬಿಣ ನೆನೆಸಿ ಆ ನೀರು ಬಳಿದು ಕಾಯಿಸಿದರೆ ಪಟ್ಟೆ ಎದ್ದು ಕಾಣುತ್ತದೆ ಅಂತ ಅಜ್ಜ ಹೇಳಿಕೊಟ್ಟರು. ಸುಮ್ಮನಿರಲಾಗದೆ, ನಾನೂ ಒಂದು ಬಾಟಲಿಯಲ್ಲಿ ತುಕ್ಕು ಮೊಳೆ ನೆನೆಹಾಕಿ ಅಡುಗೆಮನೆ ಕಿಟಕಿಯಲ್ಲಿಟ್ಟೆ.

"ಏನೇ ಇದು?" ಅಂದರು ಅತ್ತೆ, ಕೈಯಲ್ಲಿ ಫೋನ್ ಹಿಡಿದು.

ನಾನು ಮೀಟಿಂಗ್‌ನಲ್ಲಿದ್ದೆ. "ಕೆಳಗಿನ ಅಜ್ಜ ಹೇಳಿದ್ದು ಅತ್ತೆ, ಆಮೇಲೆ ಹೇಳ್ತೀನಿ" ಅಂದೆ. ಆಮೇಲೆ ಹೇಳಲು ಮರೆತೆ.

ಎರಡು ದಿನದ ನಂತರ ದಾವಣಗೆರೆಯ ನನ್ನ ಚಿಕ್ಕಮ್ಮನಿಂದ ವಾಟ್ಸಾಪ್ ಬಂತು. ನಮ್ಮ ಕಿಟಕಿ, ನಮ್ಮ ಬಾಟಲಿ, ಕೆಳಗೆ ದಪ್ಪಕ್ಷರದಲ್ಲಿ: "ಜಪಾನಿನ ವೃದ್ಧರ ರಹಸ್ಯ! ಕೊರೊನಾಕ್ಕೆ ಮೊಳೆ ಕಷಾಯ!"

ಕುಡಿಯಬೇಡಿ, ಅದು ಮರಕ್ಕೆ ಹಚ್ಚುವುದು ಅಂತ ಸಿಕ್ಕಸಿಕ್ಕವರಿಗೆಲ್ಲ ಬರೆದೆ. ಚಿಕ್ಕಮ್ಮ ಉತ್ತರಿಸಿದರು: "ನಿಂಗೇನು ಗೊತ್ತು? ಜಪಾನಲ್ಲಿರೋರೇ ಕಳಿಸಿರೋದು."

ಹಿತ್ತಾಳೆ ಡಬ್ಬಿ

ಬಂದೂಕಿನ ಹಿಂಬದಿಯಲ್ಲಿ ಮುಚ್ಚಳವಿರುವ ಪುಟ್ಟ ಹಿತ್ತಾಳೆ ಡಬ್ಬಿ ಇದೆ. ಗುಂಡಿಗೆ ಸುತ್ತುವ ಬಟ್ಟೆತುಂಡು ಇಡುವುದಕ್ಕೆ. ಆಗಷ್ಟೇ ಸರ್ಕಾರ ಮನೆಗೆ ಎರಡರಂತೆ ಬಟ್ಟೆ ಮಾಸ್ಕ್ ಕಳಿಸಿತ್ತು. ನನ್ನ ಅಗಲ ಮುಖದಲ್ಲಿ ಅದು ಮೂಗಿನ ತುದಿಯನ್ನಷ್ಟೇ ಮುಚ್ಚುತ್ತಿತ್ತು. ಅಜ್ಜ ತಮ್ಮದನ್ನು ಮಡಚಿ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದರು. ಟಕ್ ಅಂತ ಕೂತಿತು.

"ಈ ಮಾಸ್ಕ್‌ಗೆ ಯಾರ ಅಳತೆ ತಗೊಂಡಿದ್ರು ಅಂತ ಈಗ ಗೊತ್ತಾಯ್ತು" ಅಂದರು.

ಅಜ್ಞಾತ ಕಲಾವಿದ

ಆ ವರ್ಷ ಅಜ್ಜ ಅಮೆರಿಕಕ್ಕೆ ಹೋಗಿ, ಇಂಥ ಬಂದೂಕುಗಳನ್ನು ಅರಿತ ಸಂಗ್ರಾಹಕರೊಬ್ಬರಿಗೆ ತಮ್ಮದರ ಚಿತ್ರಗಳನ್ನು ತೋರಿಸಬೇಕೆಂದಿದ್ದರು. ಪ್ರಯಾಣ ರದ್ದಾಯಿತು. ಎಂಬತ್ತೊಂದು ವಯಸ್ಸು, ಇನ್ನೊಂದು ಅವಕಾಶ ಬರುವ ನಂಬಿಕೆ ಅವರಿಗಿರಲಿಲ್ಲ. "ವಿಡಿಯೊ ಕಾಲ್ ಮಾಡೋಣ, ನಾನು ಅನುವಾದ ಮಾಡ್ತೀನಿ" ಅಂದೆ.

ಬೆಳಗ್ಗೆ ಎಂಟಕ್ಕೆ ಅಜ್ಜ ಕೋಟು ಹಾಕಿ, ಮಂಡಿಯೂರಿ ಕೂತಿದ್ದರು. ಅಮೆರಿಕದವರು ತುಂಬಾ ಹೊತ್ತು ನೋಡಿದರು. ನಳಿಗೆ ಅಸಲಿ. ಕುದುರೆ ಅಸಲಿ. ಆಮೇಲೆ ಮರದ ಮೇಲಿನ ಎಲೆ ಬಳ್ಳಿಯ ಕೆತ್ತನೆ ಕಂಡು ಕುರ್ಚಿಯಿಂದ ಎದ್ದೇಬಿಟ್ಟರು.

"ಐವತ್ತು ವರ್ಷದಲ್ಲಿ ಇಂಥ ಕೈ ನೋಡಿಲ್ಲ! ಇವನು ಯಾರಿಗೂ ಗೊತ್ತಿರದ ಮಹಾ ಕಲಾವಿದ!"

ಅನುವಾದಿಸಿದೆ. ಅಜ್ಜನ ಕಣ್ಣು ತುಂಬಿತು. ಚಹಾ ತರುತ್ತಿದ್ದ ಅಜ್ಜಿ ಅಲ್ಲೇ ನಿಂತರು.

"ಸುಮಿಮಾಸೆನ್, ತಪ್ಪಾಯ್ತು" ಅಂದರು ಮೆಲ್ಲಗೆ. "ನೀವು ಒಸಾಕಾದಲ್ಲಿ ಕೆಲಸಕ್ಕಿದ್ದಾಗ ನಾನು ಧೂಳು ಒರೆಸುತ್ತಿದ್ದೆ, ಬಂದೂಕು ಬಿತ್ತು. ಮರ ಎರಡು ತುಂಡಾಯ್ತು. ಬುದ್ಧನ ಪೀಠ ಕೆತ್ತುವ ಆಚಾರಿಗೆ ಕೊಟ್ಟು, ಹಾಗೇ ಇನ್ನೊಂದು ಮಾಡಿಸಿದೆ. ಎಲೆ ಸ್ವಲ್ಪ ಕಮಲದ ಥರ ಬಂತು."

"ಯಾವಾಗ?"

"ಮೂವತ್ತೆಂಟು ವರ್ಷ ಆಯ್ತು. ನೀವು ಯಾವಾಗಲೂ ಕಬ್ಬಿಣ ಮಾತ್ರ ನೋಡ್ತಿದ್ರಿ."

"ಅವರೇನು ಹೇಳಿದರು?" ಅಂತ ಪರದೆಯಿಂದ ಪ್ರಶ್ನೆ. ಅಜ್ಜನ ಮುಖ ನೋಡಿದೆ. ಅವರು ಹೆಂಡತಿಯನ್ನೇ ನೋಡುತ್ತಿದ್ದರು. ಕೊನೆಗೆ ಭುಜ ಕುಣಿಯತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು. "ಹೇಳಿ, ಎಲ್ಲಾ ಹೇಳಿ" ಅಂತ ಕೈಯಾಡಿಸಿದರು.

ಒಂದೂ ಬಿಡದೆ ಹೇಳಿದೆ. ಪರದೆಯ ಮೇಲೆ ಆ ಸಂಗ್ರಾಹಕರು ನಿಧಾನವಾಗಿ ಕೂತು, ಕನ್ನಡಕ ತೆಗೆದು, ಕೇಳಿದರು:

"ಆ ಆಚಾರಿ ಈಗಲೂ ಆರ್ಡರ್ ತಗೋತಾರಾ?"