ಹಳೇ ಗಂಟೆಯೋ, ಹೊಸ ಗಂಟೆಯೋ?

"ಏಜೆಂಟ್ ಬೇಡ, ಗೈಡ್ ಬೇಡ, ನಿನ್ನ ತಮ್ಮನ ಉಪಕಾರವಂತೂ ಬೇಡವೇ ಬೇಡ! ರೈಲು, ಹಡಗು, ನಾನು, ನನ್ನ ಕೈಗಡಿಯಾರ. ಇಷ್ಟಿದ್ದರೆ ಸ್ಪೇನ್ ಏನು, ಭೂಮಿಯ ಆ ತುದಿಗೂ ಹೋಗಿ ಬರ್ತೀನಿ!"

ಮೆಕ್ನೆಸ್ ಪೇಟೆಯಲ್ಲಿ ಮೂವತ್ತೆಂಟು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿರುವ ಬೂಶ್ತಾ ಸಾಹೇಬರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಬತೂಲ್ ಬಟಾಣಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಮತ್ತೆ ನಾನು ಬರೋದಾ, ಇಲ್ಲ ನೀವೂ ನಿಮ್ಮ ಗಡಿಯಾರಾನೂ ಹೋಗಿ ಬರ್ತೀರಾ?"

ಬತೂಲ್ ಹೋಗಲೇಬೇಕಿತ್ತು. ಮದುವೆಯಾಗಿ ಸಮುದ್ರದಾಚೆ ಸ್ಪೇನಿನ ತರೀಫಾ ಸೇರಿದ್ದ ಅವಳ ಗೆಳತಿ ತಾಮು ಹೆರಿಗೆಗೆಂದು ತವರಿಗೆ ಬಂದವಳು ಜ್ವರ ಹಿಡಿದು ಮಲಗಿದಾಗ, ಅವಳ ಕೂಸಿಗೆ ನಲವತ್ತು ದಿನ ಹಾಲು ಕುಡಿಸಿದವಳು ಬತೂಲ್. ನಮ್ಮಲ್ಲಿ ಹಾಲು ಕುಡಿಸಿದವಳೂ ತಾಯಿಯೇ. ಆ ಕೂಸು ಹಿಬಾಗೆ ಈಗ ಮದುವೆ. ರಂಜಾನ್ ಹಬ್ಬ ಮುಗಿದ ಮೇಲಿನ ಭಾನುವಾರ, ತರೀಫಾದಲ್ಲಿ, ಮಧ್ಯಾಹ್ನ ಎರಡಕ್ಕೆ ಎಂದು ಕಾರ್ಡಿನಲ್ಲಿ ಅಚ್ಚಾಗಿತ್ತು. "ನೀನು ಪಕ್ಕದಲ್ಲಿ ಇಲ್ದಿದ್ರೆ ನಾನು ಮದುವೆ ಕಾಗದಕ್ಕೆ ಸಹಿ ಹಾಕಲ್ಲ ಅಮ್ಮ" ಎಂದು ಹುಡುಗಿ ಫೋನಿನಲ್ಲಿ ಅತ್ತೇಬಿಟ್ಟಿದ್ದಳು.

ಇನ್ನು ಸಾಹೇಬರ ಕೈಗಡಿಯಾರದ ವಿಷಯ. ನಮ್ಮ ಸರ್ಕಾರ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ಹಾಕಿ ಎಷ್ಟೋ ವರ್ಷವಾಯಿತು. ಊರಿಗೆ ಊರೇ ಗೊಣಗಿತು, ಗೊಣಗುತ್ತಲೇ ಹೊಂದಿಕೊಂಡಿತು. ಹೊಂದಿಕೊಳ್ಳದವರು ಬೂಶ್ತಾ ಸಾಹೇಬರೊಬ್ಬರೇ! "ಸೂರ್ಯ ನನ್ನ ಕಡೆ ಇದ್ದಾನೆ" ಎಂದು ಅಂಗಡಿಯ ಇಪ್ಪತ್ತೇಳು ಗಡಿಯಾರಗಳನ್ನೂ ಹಳೇ ಗಂಟೆಯಲ್ಲೇ ನಡೆಸಿದರು. ವರ್ಷಕ್ಕೊಂದು ತಿಂಗಳು, ರಂಜಾನಿನಲ್ಲಿ, ಉಪವಾಸದವರಿಗೆ ಅನುಕೂಲವಾಗಲೆಂದು ಸರ್ಕಾರ ಹಳೇ ಗಂಟೆಗೆ ಮರಳುತ್ತದೆ. ಆ ತಿಂಗಳಿಡೀ ಸಾಹೇಬರು ಯುದ್ಧ ಗೆದ್ದ ಸುಲ್ತಾನನ ಹಾಗೆ ಓಡಾಡುತ್ತಾರೆ. ಹಬ್ಬ ಮುಗಿದ ಭಾನುವಾರ ಬೆಳಗಾಗುವುದರೊಳಗೆ ದೇಶದ ಗಡಿಯಾರಗಳೆಲ್ಲ ಮತ್ತೆ ಒಂದು ಗಂಟೆ ಮುಂದಕ್ಕೆ ಹೋಗುತ್ತವೆ. ಸಾಹೇಬರ ಕಷ್ಟಕಾಲ ಮತ್ತೆ ಶುರು.

ಮದುವೆಯ ಭಾನುವಾರ ಅದೇ ಭಾನುವಾರ!

ಶನಿವಾರ ಕಡಲ ದಡದ ಟ್ಯಾಂಜಿಯರಿಗೆ ಹೋಗುವ ರೈಲು ಹತ್ತಿದ್ದಾಯಿತು. ಬತೂಲಳ ತೊಡೆಯ ಮೇಲೆ ಬಾದಾಮಿ ತುಂಬಿದ ಸಿಹಿಯ ತಟ್ಟೆ. ಸಾಹೇಬರ ತೊಡೆಯ ಮೇಲೆ ಅವರದೇ ಮೊಣಕೈ, ಏಕೆಂದರೆ ಕೈಗಡಿಯಾರ ಎಲ್ಲರಿಗೂ ಕಾಣಬೇಕಲ್ಲ. ಎದುರಿಗೆ ಕೂತಿದ್ದ ದಪ್ಪ ಹೆಂಗಸೊಬ್ಬಳು ಬೇಯಿಸಿದ ಮೊಟ್ಟೆ ಹಂಚುತ್ತ ಸುಮ್ಮನಿರಲಾರದೆ ಕೇಳಿದಳು.

"ನಾಳೆ ಗಂಟೆ ಬದಲಾಗುತ್ತಲ್ಲ ಹಾಜಿ, ಹಡಗಿಗೆ ತೊಂದರೆ ಆಗಲ್ವಾ?"

"ತಂಗೀ, ಗಂಟೆ ಬದಲಾಗೋದು ಸರ್ಕಾರಕ್ಕೆ. ನನಗಲ್ಲ. ನಾನು ತಲೇಲಿ ಒಂದು ಕೂಡಿಸ್ಕೋತೀನಿ. ಗಡಿಯಾರದ ಮುಳ್ಳು ಮುಟ್ಟಿದರೆ ನನ್ನ ಹೆಸರು ಬೂಶ್ತಾ ಅಲ್ಲ!"

ಬತೂಲ್ ಕಿಟಕಿಯ ಕಡೆ ತಿರುಗಿ ಮೊಟ್ಟೆ ತಿಂದಳು.

ಆ ರಾತ್ರಿ ಟ್ಯಾಂಜಿಯರಿನಲ್ಲಿ ಬತೂಲಳ ತಮ್ಮ ಹಮ್ಮಾದಿಯ ಮನೆಯಲ್ಲಿ ವಸತಿ. ಹಮ್ಮಾದಿ ಮೀನಿನ ವ್ಯಾಪಾರಿ, ಬೆಳಕು ಹರಿಯುವ ಮೊದಲೇ ಬಂದರಿಗೆ ಹೋಗುವವನು. "ಭಾವ, ನಾನೇ ಹಡಗು ಹತ್ತಿಸಿ ಹೋಗ್ತೀನಿ" ಎಂದ. "ಬೇಡಪ್ಪ, ನಿನ್ನ ಮೀನಿಗೆ ದಾರಿ ತೋರಿಸು" ಎಂದರು ಭಾವ. ಹಡಗು ಹನ್ನೊಂದಕ್ಕೆ. ಒಂದೇ ಗಂಟೆಯ ಪಯಣ. ಇಷ್ಟು ಸಲೀಸು!

ಬೆಳಿಗ್ಗೆ ಬತೂಲ್ ಎದ್ದು ಮೇಜಿನ ಮೇಲಿದ್ದ ಕೈಗಡಿಯಾರ ನೋಡಿದವಳೇ ಕಿರುಚಿದಳು.

"ರೀ! ಹತ್ತೂಕಾಲು!"

ಹೊರಗೆ ಕಡಲಿನ ಮಂಜು ಕವಿದು ಸೂರ್ಯನ ಸುಳಿವೇ ಇಲ್ಲ. ಹಮ್ಮಾದಿ ಹೊರಟುಹೋಗಿದ್ದಾನೆ. ಬತೂಲಳ ಫೋನು ಬೇರೇನೋ ಹೇಳುತ್ತಿತ್ತು. ಆದರೆ ಟ್ಯಾಂಜಿಯರಿನ ದಂಡೆಯಲ್ಲಿ ಫೋನುಗಳಿಗೆ ಆಚೆ ದಡದ ಸಿಗ್ನಲ್ಲಿನ ಗಾಳಿ ಬಡಿದು, ಒಮ್ಮೆ ನಮ್ಮ ಗಂಟೆ, ಒಮ್ಮೆ ಸ್ಪೇನಿನ ಗಂಟೆ ಹೇಳುವುದು ಎಲ್ಲರಿಗೂ ಗೊತ್ತು. ಯಾರು ನಂಬುತ್ತಾರೆ? ವಿಚಿತ್ರವೆಂದರೆ, ಎಂದೂ ಗಂಡನ ಗಡಿಯಾರ ನಂಬದ ಬತೂಲ್ ಅಂದು ಕಣ್ಣುಮುಚ್ಚಿ ನಂಬಿದಳು. ತಲೆಯಲ್ಲಿ ಒಂದು ಕೂಡಿಸುವೆನೆಂದಿದ್ದ ಸಾಹೇಬರೂ ಏನನ್ನೂ ಕೂಡಿಸದೆ ಪ್ಯಾಂಟು ಹುಡುಕಿದರು. ಇದಕ್ಕೆ ಕಾರಣ ಆಮೇಲೆ ತಿಳಿಯುತ್ತದೆ.

"ಬಂದರಿಗೆ ಬಿಡಪ್ಪ! ಹನ್ನೊಂದಕ್ಕೆ ಹಡಗು!"

"ಹಳೇ ಗಂಟೆಯೋ, ಹೊಸ ಗಂಟೆಯೋ ಹಾಜಿ?" ಎಂದ ಟ್ಯಾಕ್ಸಿಯವನು.

"ಗಂಟೆ ವಿಷಯ ನನಗೆ ಹೇಳಿಕೊಡ್ತೀಯಾ? ಓಡಿಸು!"

ಓಡಿಸಿದ. ಬಂದರಿನ ಗೇಟಿಗೆ ಬಂದಾಗ ಕೈಗಡಿಯಾರದಲ್ಲಿ ಹನ್ನೊಂದೂ ಹತ್ತು. ಕಣ್ಣೆದುರೇ ಬಿಳಿ ಹಡಗೊಂದು ಮಂಜಿನೊಳಗೆ ಹಿಂಬದಿ ತೋರಿಸುತ್ತ ಸಾಗುತ್ತಿತ್ತು.

"ಹೋಯ್ತು!" ಬತೂಲ್ ಅಲ್ಲೇ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. "ನನ್ನ ಹಿಬಾ ಕಾಯ್ತಾ ಇರ್ತಾಳೆ ರೀ..." ಅವಳ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಅದನ್ನು ನೋಡಿ ಸಾಹೇಬರು ಜೇಬಿನಿಂದ ಕರವಸ್ತ್ರ ತೆಗೆದು ಅವಳ ಕೈಗಿಟ್ಟರು. ಆದರೆ ಬಾಯಿ ಎಂದಾದರೂ ಸೋತೀತೆ?

"ಅಳಬೇಡ! ಸ್ವತಂತ್ರವಾಗಿ ಪ್ರಯಾಣ ಮಾಡುವವನ ಹತ್ತಿರ ಎರಡನೇ ಯೋಜನೆ ಇದ್ದೇ ಇರುತ್ತೆ. ದೊಡ್ಡ ಬಂದರಿದೆಯಲ್ಲ, ನಲವತ್ತು ಕಿಲೋಮೀಟರು. ಅಲ್ಲಿಂದ ಗಂಟೆಗೊಂದು ಹಡಗು!"

ಗೇಟಿನ ಕಾವಲುಗಾರ ಹಲ್ಲುಕಡ್ಡಿ ತೆಗೆದು ಬಾಯಿ ತೆರೆದ. "ಹಾಜಿ, ಹನ್ನೊಂದರ ಹಡಗು—"

"ಹೋಗಿದೆ! ನನಗೂ ಕಣ್ಣಿದೆ! ಯಾರನ್ನೂ ಕೇಳೋದು ನನಗೆ ಅಭ್ಯಾಸ ಇಲ್ಲ!"

"ಸರಿ ಬಿಡಿ" ಎಂದು ಅವನು ಹಲ್ಲುಕಡ್ಡಿಯನ್ನು ಸ್ವಸ್ಥಾನಕ್ಕೆ ಸೇರಿಸಿದ.

ಟ್ಯಾಕ್ಸಿ ಬೆಟ್ಟ ಹತ್ತಿ ಇಳಿದು, ತಟ್ಟೆಯ ಸಿಹಿಯೆಲ್ಲ ಪುಡಿಯಾಗಿ, ಇಬ್ಬರೂ ದೊಡ್ಡ ಬಂದರು ತಲುಪಿದರು. ಟಿಕೆಟ್ ಕೌಂಟರಿನ ಮೇಲೆ ಬಂಡಿಯ ಚಕ್ರದಷ್ಟು ದೊಡ್ಡ ಗಡಿಯಾರ. ಹತ್ತು ಗಂಟೆ ಐದು ನಿಮಿಷ. ಸಾಹೇಬರ ಕೈಯಲ್ಲಿ ಹನ್ನೆರಡೂ ಐದು.

"ಇಷ್ಟು ದೊಡ್ಡ ಬಂದರು, ಒಂದು ಗಡಿಯಾರ ನೆಟ್ಟಗಿಲ್ಲ!" ಎಂದರು ಸಾಹೇಬರು ಮರುಕದಿಂದ. "ಬೇಕಾದರೆ ನಾನು ಸರಿಮಾಡಿ ಕೊಡ್ತೀನಮ್ಮ."

ಕೌಂಟರಿನ ಹುಡುಗಿ ಅವರ ಟಿಕೆಟ್ ನೋಡಿದಳು, ಅವರನ್ನು ನೋಡಿದಳು. "ಚಿಕ್ಕಪ್ಪಾ, ಗಡಿಯಾರ ಸರಿಯಾಗೇ ಇದೆ. ನಿಮ್ಮ ಹಡಗು ಊರಿನ ಬಂದರಿಂದ ಹನ್ನೊಂದಕ್ಕೆ. ಇನ್ನೂ ಹೊರಟೇ ಇಲ್ಲ. ಇಲ್ಲಿಂದ ತರೀಫಾಕ್ಕೆ ಹಡಗೇ ಇಲ್ಲ. ನೀವ್ಯಾಕೆ ಇಲ್ಲಿಗೆ ಬಂದಿರಿ?"

"ಮತ್ತೆ ಆ ಬಿಳಿ ಹಡಗು?"

"ಅದು ಒಂಬತ್ತರದ್ದು."

ಎರಡು ಗಂಟೆ ಮೊದಲೇ ಬಂದರಿಗೆ ಹೋಗಿದ್ದರು! ಬತೂಲ್ ಏನೂ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಪರಿಸ್ಥಿತಿ ಕೆಟ್ಟಿದೆ ಎಂದು ಸಾಹೇಬರಿಗೆ ಮೂವತ್ತು ವರ್ಷದ ಅನುಭವ. ಓಡೋಡಿ ಟ್ಯಾಕ್ಸಿ ಸ್ಟ್ಯಾಂಡಿಗೆ ಬಂದರೆ, ಬಂದ ಟ್ಯಾಕ್ಸಿ ಹೋಗಿಯಾಗಿತ್ತು. ಇದ್ದದ್ದು ಬಾಡಿಗೆ ಹಂಚಿಕೊಳ್ಳುವ ದೊಡ್ಡ ಟ್ಯಾಕ್ಸಿ. ಅದು ಆರು ಜನ ತುಂಬದೆ ಅಲುಗಾಡುವುದಿಲ್ಲ. ಐವರು ಆದರು. ಆರನೆಯವನಿಗಾಗಿ ಡ್ರೈವರು ಬಾನೆಟ್ಟಿಗೆ ಒರಗಿ, ಜಗತ್ತಿನಲ್ಲಿ ಹಡಗು ಎಂಬುದೇ ಇಲ್ಲವೆಂಬಂತೆ ಚಹಾ ಕುಡಿದ.

ಊರಿನ ಬಂದರಿಗೆ ಮರಳಿದಾಗ ಹನ್ನೊಂದೂಕಾಲು. ಈ ಸಲ ಎಲ್ಲ ಗಡಿಯಾರಗಳ ಪ್ರಕಾರ ತಡ. ಬಿಳಿ ಹಡಗು ಮಂಜಿನೊಳಗೆ ಹಿಂಬದಿ ತೋರಿಸುತ್ತ ಸಾಗುತ್ತಿತ್ತು.

"ಹಾಜಿ," ಎಂದ ಕಾವಲುಗಾರ, "ಅದು ನಿಮ್ಮದೇ. ಬೆಳಿಗ್ಗೆ ನೋಡಿದ್ದು ಅಲ್ಲ, ಈಗ ನೋಡ್ತಿರೋದು. ಇನ್ನು ಮುಂದಿನದು ಮೂರಕ್ಕೆ."

ಮೂರರವರೆಗೆ ಬೆಂಚಿನ ಮೇಲೆ ಕೂತರು. ತಾಮುಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಸಾಹೇಬರು ಗಡಿಯಾರದ ಹಿಂಬದಿ ಬಿಚ್ಚಿ ಇಣುಕಿದರು. ಯಂತ್ರ ಸೊಗಸಾಗಿ ನಡೆಯುತ್ತಿತ್ತು.

"ಎರಡು ಗಂಟೆ ಹೇಗೆ ಮುಂದೆ ಹೋಯ್ತು? ಆಗೋಕೆ ಸಾಧ್ಯವೇ ಇಲ್ಲ!"

"ಹೌದು ಮತ್ತೆ!" ಬತೂಲ್ ಕೊನೆಗೂ ಸಿಡಿದಳು. "ನಾನು ಮುಂದಕ್ಕೆ ತಿರುಗಿಸಿದ್ದು ಒಂದೇ ಗಂಟೆ!"

ಸಾಹೇಬರು ಗಡಿಯಾರದ ಮುಚ್ಚಳ ಒತ್ತಿ ಮುಚ್ಚಿದರು.

"ನೀನು ತಿರುಗಿಸಿದೆಯಾ? ನನ್ನ ಗಡಿಯಾರವನ್ನಾ?"

"ನೀವು ಸತ್ತರೂ ಮುಟ್ಟಲ್ಲ ಅಂದ್ರಲ್ಲ, ನಿಮಗೆ ನಿದ್ದೆ ಬಂದ್ಮೇಲೆ ಸರಿ ಮಾಡಿಟ್ಟೆ. ನನಗೆ ಮದುವೆ ಮುಖ್ಯ."

ಸಾಹೇಬರು ಬೂಟಿನ ತುದಿ ನೋಡಿಕೊಂಡರು. "ಅಂದರೆ... ನಾನು ತಿರುಗಿಸಿದ ಮೇಲೆ."

"ಏನು?"

"ನಾನೂ ಒಂದು ಗಂಟೆ... ರಾತ್ರಿ ನೀನು ಹಲ್ಲುಜ್ಜೋಕೆ ಹೋದಾಗ... ನಿನಗೆ ಮದುವೆ ತಪ್ಪಬಾರದಲ್ಲ ಅಂತ."

ಬತೂಲ್ ಗಂಡನನ್ನು ಹೊಸದಾಗಿ ನೋಡುವಂತೆ ನೋಡಿದಳು. ಇಷ್ಟು ವರ್ಷದಲ್ಲಿ ಈ ಮನುಷ್ಯ ಅವಳಿಗಾಗಿ ಮಾಡಿದ ಅತಿ ದೊಡ್ಡ ತ್ಯಾಗ, ಅದೂ ಕದ್ದು! ಮುದ್ದು ಬಂತು. ಜೊತೆಗೇ ತಟ್ಟೆಯಿಂದ ತಲೆಗೆ ಬಡಿಯಬೇಕೆಂದೂ ಅನ್ನಿಸಿತು.

"ನಿಮ್ಮದೊಂದು, ನನ್ನದೊಂದು. ಎರಡಾಯ್ತು. ನಿಜವಾಗಿ ಒಂದು ಬೇಕಿತ್ತು. ಹಾಗಾದರೂ ಒಂದೇ ಗಂಟೆ ಹೆಚ್ಚಾಗಬೇಕು. ಇನ್ನೊಂದು ಎಲ್ಲಿಂದ ಬಂತು?"

ಆಗಲೇ ಹಮ್ಮಾದಿಯ ಫೋನು. "ಅಕ್ಕಾ! ತಲುಪಿದ್ರಾ? ಭಾವನಿಗೆ ಹೇಳಬೇಡ, ಬೆಳಿಗ್ಗೆ ಹೊರಡುವಾಗ ಅವರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾಕಿಟ್ಟು ಬಂದೆ. ಇಲ್ದಿದ್ರೆ ಹಡಗು ತಪ್ಪಿಸಿಬಿಡ್ತಿದ್ರು!"

ತರೀಫಾದಲ್ಲಿ ಇಳಿದಾಗ ಅಲ್ಲಿನ ಗಂಟೆ ಐದು ದಾಟಿತ್ತು, ಸ್ಪೇನಿನವರು ನಮಗಿಂತ ಇನ್ನೂ ಒಂದು ಗಂಟೆ ಮುಂದು. ಮೂರು ಗಂಟೆ ತಡ! ಬತೂಲ್ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು, ಹಿಂದೆ ಸಾಹೇಬರು ಪೆಟ್ಟಿಗೆ ಎಳೆಯುತ್ತ. ತಾಮುವಿನ ಬಾಗಿಲು ಬಡಿದಳು. ತಲೆಗೂದಲಿಗೆ ಸುರುಳಿ ಸುತ್ತಿಕೊಂಡು, ಹಳೇ ನೈಟಿಯಲ್ಲಿ ತಾಮುವೇ ಬಾಗಿಲು ತೆರೆದಳು.

"ತಪ್ಪಾಯ್ತು ಕಣೇ ತಾಮು! ಹಿಬಾ ಸಹಿ ಹಾಕಿಬಿಟ್ಟಳಾ? ನನ್ನ ಬೈದುಕೊಂಡಳಾ?"

"ಎಲ್ಲಿಯ ಸಹಿ? ಹುಡುಗಿ ಈಗಷ್ಟೇ ಸ್ನಾನ ಮಾಡಿದ್ದಾಳೆ. ಮದುವೆ ಎಂಟಕ್ಕೆ!"

"ಎಂಟಾ? ಕಾರ್ಡಲ್ಲಿ ಎರಡು ಅಂತ..."

"ಅದು ನಿಮ್ಮ ಕಾರ್ಡಲ್ಲಿ ಮಾತ್ರ," ಎಂದಳು ತಾಮು, ಸಾಹೇಬರ ಮುಖ ನೋಡದೆ. "ಬೂಶ್ತಾ ಅಣ್ಣನೇ ಕರ್ಕೊಂಡು ಬರ್ತಾರೆ ಅಂತ ಗೊತ್ತಾದ ದಿನ ಆರು ಗಂಟೆ ಮೊದಲು ಹಾಕಿ ಒಂದು ಕಾರ್ಡು ಬೇರೆ ಮಾಡಿಸಿದೆ. ನಾನೂ ಮೆಕ್ನೆಸಿನಲ್ಲಿ ನಿಮ್ಮ ಮನೇಲಿ ಇದ್ದು ಬಂದವಳೇ ಅಲ್ವಾ?"

ಒಳಗಿನಿಂದ ಒದ್ದೆ ಕೂದಲಿನ ಹಿಬಾ ಓಡಿಬಂದು ಬತೂಲಳ ಕೊರಳಿಗೆ ಬಿದ್ದಳು. ಇಬ್ಬರೂ ನಕ್ಕರು, ಅತ್ತರು, ಪುಡಿಯಾದ ಸಿಹಿಯನ್ನು ಬೊಗಸೆಯಲ್ಲೇ ತಿಂದರು.

ಸಾಹೇಬರು ಮೆಟ್ಟಿಲ ಮೇಲೆ ಕೂತರು. ಇಡೀ ಜಗತ್ತು ಬೆನ್ನ ಹಿಂದೆ ತನ್ನ ಗಡಿಯಾರ ತಿದ್ದುತ್ತ ಬಂದಿದೆ ಎಂಬುದು ಈಗ ಮೆಲ್ಲಗೆ ಅರ್ಥವಾಗುತ್ತಿತ್ತು. ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ತಗ್ಗಿದ ದನಿಯಲ್ಲಿ ಕೇಳಿದರು.

"ಬತೂಲ್, ಈಗ ಗಂಟೆ ಎಷ್ಟೇ?"

"ಹಳೇದೋ, ಹೊಸದೋ, ಸ್ಪೇನಿಂದೋ?"

"ನೀನು ಯಾವುದು ಹೇಳಿದರೆ ಅದು."

ಬತೂಲ್ ಅಡುಗೆಮನೆಯತ್ತ ನೋಡಿದಳು. ರಾತ್ರಿಯ ಮದುವೆಗೆಂದು ತೆಗೆದಿಟ್ಟ ಇನ್ನೂರು ಚಹಾ ಲೋಟಗಳು ತೊಟ್ಟಿಯ ಪಕ್ಕದಲ್ಲಿ ಗುಡ್ಡೆಬಿದ್ದಿದ್ದವು.

"ಹಾಗಾದ್ರೆ ಲೋಟ ತೊಳೆಯೋ ಹೊತ್ತು. ಏಳಿ!"