ಲ್ಯಾವೆಂಡರ್ ಶಾಲು ಮತ್ತು ಒಂದು ಮೊಣಕೈ

ಮೊಣಕೈರಾಯನ ಮೊಣಕೈಗೆ ಕಣ್ಣಿರಲಿಲ್ಲ. ಅಂಚೆ ಕಚೇರಿಯಲ್ಲಿ ಅಂಟಿನ ಡಬ್ಬಿಯಿರಲಿ, ಶಾಯಿಯ ಬಾಟಲಿಯಿರಲಿ, ಅದಕ್ಕೆ ತಗುಲಿ ಉರುಳಲೇಬೇಕು. ಆ ಹೆಸರು ಇಟ್ಟವರು ಸಹೋದ್ಯೋಗಿಗಳು, ಮನೆಯಲ್ಲಿ ಬಳಕೆಗೆ ತಂದವಳು ಹೆಂಡತಿ. ಅವತ್ತು ಅವನಿಗೆ ರಜೆ. ಅವಳು ಕೆಲಸಕ್ಕೆ ಹೊರಟು ಹೊಸಿಲು ದಾಟಿದ್ದೇ ತಡ, ಲೋಟದ ಕಾಫಿ ಪಕ್ಕದಲ್ಲೇ ಮಡಿಸಿಟ್ಟಿದ್ದ ಲ್ಯಾವೆಂಡರ್ ಬಣ್ಣದ ಶಾಲಿನ ಮೇಲೆ ಮಗುಚಿಕೊಂಡಿತು.

ಶಾಲು ಹೆಂಡತಿಯ ಅಕ್ಕ ಕೊಟ್ಟದ್ದು. ಸಂಜೆ ಊಟ ಆ ಅಕ್ಕನ ಮನೆಯಲ್ಲೇ. "ನನ್ನ ಶಾಲು ಎಲ್ಲೇ?" ಎಂದು ಬಾಗಿಲಲ್ಲೇ ಕೇಳುವ ಹೆಂಗಸು ಆಕೆ. ಹಿಂದೊಮ್ಮೆ ಹೂದಾನಿ ಒಡೆದಾಗ ಹೆಂಡತಿ ವಾರವಿಡೀ ಮಾತು ಬಿಟ್ಟಿದ್ದಳು. ಹೂದಾನಿಗೇ ವಾರವಾದರೆ ಶಾಲಿಗೆಷ್ಟು ಎಂದು ರಾಯ ಬೆರಳು ಮಡಿಸಿ ಎಣಿಸತೊಡಗಿದ.

ಎದುರು ಮನೆಯ ನಿಘಂಟು ಮೇಷ್ಟ್ರು ಕಿಟಕಿಯಲ್ಲಿ ಇಣುಕಿದರು. ನಿವೃತ್ತಿಯಾದ ಮೇಲೆ ಅವರಿಗೆ ನಿಘಂಟು ಓದುವುದೇ ಕೆಲಸ.

"ಧೈರ್ಯವಾಗಿ ತೊಳೀರಿ! ಲ್ಯಾವೆಂಡರ್ ಅನ್ನೋ ಪದ ಬಂದಿರೋದೇ ಲ್ಯಾಟಿನ್ನಿನ 'ತೊಳೆಯೋದು' ಅನ್ನೋ ಮಾತಿಂದ ಅಂತಾರೆ. ಆ ಹೂವನ್ನ ಸ್ನಾನದ ನೀರಿಗೆ ಹಾಕ್ತಿದ್ರಂತೆ. ಹೆಸರಲ್ಲೇ ಸ್ನಾನ ಇರೋವಾಗ ನೀರಿಗೆ ಹೆದರೋದೇನು?"

ರಾಯ ನಂಬಿದ. ಕುದಿಯುವ ನೀರಿನಲ್ಲಿ ಶಾಲನ್ನು ಅದ್ದಿ ತಿಕ್ಕಿದ. ಕಲೆ ಹೋಯಿತು. ಅದರ ಹಿಂದೆಯೇ ಬಣ್ಣವೂ ಹೋಯಿತು.

ಅವನು "ಅಯ್ಯೋ!" ಎಂದದ್ದು ಕೇಳಿ ಮಹಡಿಯಮ್ಮ ಇಳಿದು ಬಂದರು. ಮೇಲಿನ ಮನೆಯವರು, ಕರೆಯದೆ ಬರುವುದರಲ್ಲಿ ಎತ್ತಿದ ಕೈ.

"ಇಷ್ಟಕ್ಕೆಲ್ಲಾ ಅಳ್ತಾರೇನಪ್ಪಾ? ನೀಲಿ ಹಾಕಿದ್ರೆ ಆಯ್ತು."

ಬಟ್ಟೆಗೆ ಹಾಕುವ ನೀಲಿಯ ಬಾಟಲಿಯನ್ನೇ ಬಕೆಟ್ಟಿಗೆ ಬಗ್ಗಿಸಿಬಿಟ್ಟರು. ಶಾಲು ಪೂರ್ತಿ ನೀಲಿಯಾಗಿ ಎದ್ದು ಬಂತು. ಮೇಷ್ಟ್ರ ಮುಖವಂತೂ ಅರಳಿತು.

"ಪದದ ಬಗ್ಗೆ ಇನ್ನೊಂದು ವಾದವೂ ಇದೆ. 'ನೀಲಿಗಟ್ಟೋದು' ಅನ್ನೋ ಮಾತಿಂದ ಬಂತು ಅಂತಾರೆ ಕೆಲವರು. ಎರಡೂ ನಿಮ್ಮ ಬಕೆಟ್ಟಲ್ಲೇ ಇದೆ ನೋಡಿ!"

"ಮೇಷ್ಟ್ರೇ, ಹೋದ ಬಣ್ಣ ವಾಪಸ್ ಬರೋ ವಾದ ಇದ್ರೆ ಹೇಳಿ. ಇಲ್ದಿದ್ರೆ ಸುಮ್ನಿರಿ," ಎಂದು ರಾಯ ಕೈಮುಗಿದ.

ಮಹಡಿಯಮ್ಮ ಸೋಲುವವರಲ್ಲ. ಪರದೆಗೆ ಹಾಕಿ ಉಳಿದ ಗುಲಾಬಿ ಬಣ್ಣದ ಪುಡಿ ತಂದು ಚಿಟಿಕೆ ಚಿಟಿಕೆಯಾಗಿ ಬೆರೆಸಿದರು. ಮೇಷ್ಟ್ರು ದಪ್ಪ ನಿಘಂಟನ್ನೇ ಹೊತ್ತು ತಂದು ಮೇಜಿನ ಮೇಲೆ ಬಿಡಿಸಿಟ್ಟು, "ತಿಳಿ ನೇರಳೆ! ಇನ್ನೂ ತಿಳಿ!" ಎಂದು ಕೂಗುತ್ತಾ ಬಂದರು. ಮಧ್ಯಾಹ್ನದ ಬಿಸಿಲಿಗೆ ಒಣಗಿದಾಗ ಶಾಲು ಅಂಗಡಿಯಿಂದ ಆಗತಾನೇ ತಂದಂತಿತ್ತು. ರಾಯನಿಗೆ ಹೋದ ಜೀವ ಬಂದಂತಾಯಿತು. ನೆರೆಯವರನ್ನು ಸಾಗಹಾಕಿ, ಶಾಲಿಗೆ ಇಸ್ತ್ರಿ ಮಾಡಿ, ಮೇಜಿನ ಮೇಲೆ ಇದ್ದಲ್ಲೇ ಇಟ್ಟ.

ಹೆಂಡತಿ ಬಂದವಳು ಶಾಲು ನೋಡಿ ಧೊಪ್ಪನೆ ಕುಳಿತಳು.

"ರೀ, ಬೆಳಿಗ್ಗೆ ಕಾಫಿ ಕುಡೀಲಿಲ್ವಾ?"

ಅವಳ ಕಣ್ಣಲ್ಲಿ ನೀರು ಕಂಡು ರಾಯ ಎಲ್ಲವನ್ನೂ ಒಪ್ಪಿಕೊಂಡ. ಅವಳು ಹಣೆ ಚಚ್ಚಿಕೊಂಡಳು.

"ಅದನ್ನ ಹೊದ್ರೆ ನಾನು ಬದನೆಕಾಯಿ ಥರ ಕಾಣ್ತೀನಿ. ಹೊದೀದಿದ್ರೆ ಅಕ್ಕ ಬಿಡಲ್ಲ. ಅದಕ್ಕೇ ಕಾಫಿ ಪಕ್ಕ ಇಟ್ಟು ಹೋಗಿದ್ದೆ. ನಿಮ್ಮ ಮೊಣಕೈ ಮೇಲೆ ಅಷ್ಟು ನಂಬಿಕೆ ಇತ್ತು ನಂಗೆ!"

ಸದ್ಯ, ಬೈಗುಳವಿಲ್ಲ! ರಾಯ ದೀರ್ಘವಾಗಿ ಉಸಿರು ಬಿಟ್ಟ. ಅವಳು ಹೊಸ ಕಾಫಿ ತಂದು ಶಾಲಿನ ಪಕ್ಕದಲ್ಲೇ ಇಟ್ಟಳು.

"ಕುಡೀರಿ. ಯಾವಾಗ್ಲೂ ಕುಡಿಯೋ ಹಾಗೆ."

ಬೇಕೆಂದೇ ಚೆಲ್ಲಿ ಆ ಮೊಣಕೈಗೆ ಅಭ್ಯಾಸವಿರಲಿಲ್ಲ. ಶಾಲಿಗೆ ಒಂದು ಹನಿಯೂ ಬೀಳಲಿಲ್ಲ. ಕಾಫಿಯೆಲ್ಲ ಮೇಷ್ಟ್ರು ಮರೆತು ಹೋಗಿದ್ದ ನಿಘಂಟಿನ ಮೇಲೆ ಸುರಿಯಿತು. ಅದೇ ಹೊತ್ತಿಗೆ ಅವರೇ ಪುಸ್ತಕ ಹುಡುಕಿಕೊಂಡು ಬಾಗಿಲಿಗೆ ಬಂದರು.

ಹೆಂಡತಿ ಕ್ಷಣವೂ ಯೋಚಿಸಲಿಲ್ಲ. ಶಾಲನ್ನು ಸೆಳೆದು ಪುಟಗಳನ್ನು ಒತ್ತಿ ಒತ್ತಿ ಒರೆಸಿದಳು. ಒರೆಸುತ್ತ ಒರೆಸುತ್ತ ಅವಳ ಮುಖ ಗೆಲುವಾಯಿತು.

ಮೇಷ್ಟ್ರು ಕಣ್ಣೊರೆಸಿಕೊಂಡರು. "ಎಂಥಾ ಮಗಳಮ್ಮಾ ನೀನು! ಪುಸ್ತಕಕ್ಕೋಸ್ಕರ ಅಕ್ಕ ಕೊಟ್ಟ ಶಾಲನ್ನೇ ಹಾಳು ಮಾಡ್ಕೊಂಡೆಯಲ್ಲಾ. ಇವತ್ತೊಂದಿನ ಅದಿಲ್ದೆ ಹೋಗಿ ಬಾ. ಚಿಂತೆ ಬೇಡ, ಬಣ್ಣದ ಹದ ಈಗ ನಮಗೆ ಗೊತ್ತಾಗಿದೆ."

ಆಮೇಲೆ ರಾಯನ ಕಡೆ ತಿರುಗಿ ಹೇಳಿದರು: "ಬೆಳಿಗ್ಗೆ ನೀರು ಕಾಯಿಸಿಡಿ. ಮಹಡಿಯಮ್ಮನ್ನೂ ಕರ್ಕೊಂಡು ಬರ್ತೀನಿ."